ಓದು ಬಲ್ಲ ಕತ್ತೆಯ ಮೌನ

ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ ಎಂಬ ಸಣ್ಣ ಕಾದಂಬರಿಯ ಹೆಸರು ಕೇಳದ ವಿದ್ಯಾವಂತರು ನಮ್ಮಲ್ಲಿ ಕಡಿಮೆ. ಹಿರಿಯರು ಓದಿರದಿದ್ದರೂ ಮನೆಯ ಮಕ್ಕಳು ಓದಿರುತ್ತಾರೆ. ಇಂಗ್ಲಿಷ್ ಮಾಧ್ಯಮದ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈಗೆ ಅದನ್ನು ಕೊಡುತ್ತಾರೆ. ಆದರೆ ಇಷ್ಟು ಜನ ಓದಿದ ಪುಸ್ತಕವೊಂದನ್ನು ಇಷ್ಟು ಜನ ತಪ್ಪಾಗಿ ಓದಿರುವುದೂ ಅಪರೂಪವೆಂದೇ ನಮಗೆ ತೋರುತ್ತದೆ. ಈ ಮಾತು ಕೆಲವರಿಗೆ ಉದ್ಧಟತನವಾಗಿ ಕಾಣಬಹುದು. ಸಾಹಿತ್ಯದ ವಿದ್ವಾಂಸರು ಕುಳಿತಿರುವ ಪಂಕ್ತಿಯಲ್ಲಿ ಕಡತ ಹೊರುವ ಸರ್ಕಾರಿ ಗುಮಾಸ್ತರಿಗೆ ಏನು ಕೆಲಸ ಎಂದು ಕೇಳಬಹುದು. ಕೆಲಸವಿದೆ. ಆ ಕಥೆಯಲ್ಲಿ ನಡೆಯುವ ಮುಖ್ಯ ಅಪರಾಧ ಕೊಲೆಯಲ್ಲ, ಕಳವೂ ಅಲ್ಲ. ಬರೆದಿಟ್ಟ ನಿಯಮವನ್ನು ರಾತ್ರೋರಾತ್ರಿ ತಿದ್ದುವುದು ಅಲ್ಲಿನ ಮುಖ್ಯ ಅಪರಾಧ. ಅದು ನಮ್ಮ ಕಸುಬಿಗೆ ಸೇರಿದ ವಿಷಯ. ಆದ್ದರಿಂದ ನಾಲ್ಕು ಮಾತು ಹೇಳುವ ಅಧಿಕಾರ ನಮಗೂ ಉಂಟು.

ಓದಿರದ ವಾಚಕರಿಗಾಗಿ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇವೆ. ಇಂಗ್ಲೆಂಡಿನಲ್ಲಿ ಒಂದು ಜಮೀನು. ಅದರ ಒಡೆಯ ಜೋನ್ಸ್ ಕುಡುಕ. ಪ್ರಾಣಿಗಳನ್ನು ಹೊಟ್ಟೆಗಿಲ್ಲದೆ ದುಡಿಸುವವನು. ಓಲ್ಡ್ ಮೇಜರ್ ಎಂಬ ಮುದಿ ಹಂದಿ ಸಾಯುವ ಮುಂಚೆ ತನ್ನ ಕನಸನ್ನು ಹೇಳಿ, ಮನುಷ್ಯರಿಲ್ಲದ ಒಂದು ಕಾಲ ಬರುತ್ತದೆಂದು ಆಸೆ ಹುಟ್ಟಿಸುತ್ತದೆ. ಪ್ರಾಣಿಗಳು ದಂಗೆಯೆದ್ದು ಜೋನ್ಸನನ್ನು ಓಡಿಸಿ, ಕಣಜದ ಗೋಡೆಯ ಮೇಲೆ ದೊಡ್ಡ ಬಿಳಿಯ ಅಕ್ಷರಗಳಲ್ಲಿ ಏಳು ನಿಯಮಗಳನ್ನು ಬರೆಯುತ್ತವೆ. ಓದು ಬರಹ ಬೇಗ ಕಲಿತ ಹಂದಿಗಳು ಮೇಲ್ವಿಚಾರಣೆ ವಹಿಸುತ್ತವೆ. ಅವುಗಳಲ್ಲಿ ಸ್ನೋಬಾಲ್ ಮತ್ತು ನೆಪೋಲಿಯನ್ ಎಂಬ ಇಬ್ಬರು ನಾಯಕರು. ಗುಟ್ಟಾಗಿ ಸಾಕಿದ ನಾಯಿಗಳಿಂದ ನೆಪೋಲಿಯನ್ ತನ್ನ ಎದುರಾಳಿಯನ್ನು ಅಟ್ಟಿಸುತ್ತಾನೆ. ಆಮೇಲೆ ಗೋಡೆಯ ನಿಯಮಗಳು ಒಂದೊಂದಾಗಿ ಬದಲಾಗುತ್ತವೆ. ಕೊನೆಯಲ್ಲಿ ಹಂದಿಗಳು ಎರಡು ಕಾಲಿನ ಮೇಲೆ ನಡೆಯುತ್ತ, ನೆರೆಯ ಒಡೆಯರೊಡನೆ ಕೂತು ಇಸ್ಪೀಟು ಆಡುತ್ತವೆ. ಕಿಟಕಿಯ ಹೊರಗೆ ನಿಂತ ಪ್ರಾಣಿಗಳಿಗೆ ಒಳಗಿರುವವರಲ್ಲಿ ಹಂದಿ ಯಾವುದು, ಮನುಷ್ಯ ಯಾರು ಎಂದು ತಿಳಿಯದಾಗುತ್ತದೆ.

ಈ ಕಥೆಯ ತಪ್ಪು ಓದು ಮೂರು ಬಗೆಯಾಗಿದೆ. ಮೊದಲನೆಯದು ಶಾಲೆಯ ಗೈಡುಗಳದು: ಯಾವ ಪ್ರಾಣಿ ಯಾವ ರಷ್ಯನ್ ನಾಯಕ ಎಂದು ಪಟ್ಟಿ ಬರೆದರೆ ಪುಸ್ತಕ ತಿಳಿದಂತೆ. ಎರಡನೆಯದು ಹೊಟ್ಟೆ ತುಂಬಿದವರದು: ಕ್ರಾಂತಿಗಳೆಲ್ಲ ಹೀಗೆಯೇ ಕೊನೆಯಾಗುತ್ತವೆ, ಆದ್ದರಿಂದ ಇದ್ದದ್ದರಲ್ಲಿ ಸುಮ್ಮನಿರಬೇಕು. ಮೂರನೆಯದು ಕ್ರಾಂತಿಯ ಭಕ್ತರದು: ಇದು ಅಮೆರಿಕದವರು ಕೈಗೆತ್ತಿಕೊಂಡ ಅಸ್ತ್ರ, ಮುಟ್ಟಬಾರದು. ಮೂರು ಪಕ್ಷದವರೂ ಪರಸ್ಪರ ಬೈದಾಡುತ್ತಾರಾದರೂ ಒಂದು ವಿಷಯದಲ್ಲಿ ಒಂದಾಗಿದ್ದಾರೆ. ಈ ಕಥೆ ಬೇರೆ ಯಾರದೋ ವಿಷಯ, ತಮ್ಮದಲ್ಲ ಎಂಬುದೇ ಆ ಒಮ್ಮತ. ನಮ್ಮ ಜಗಳ ಇರುವುದು ಆ ಒಮ್ಮತದೊಡನೆ.

ಮೊದಲು ಗೈಡುಗಳ ಪಟ್ಟಿಯನ್ನು ನೋಡೋಣ. ಪಟ್ಟಿ ಸುಳ್ಳೇನೂ ಅಲ್ಲ. 1943ರ ನವೆಂಬರಿನಿಂದ 1944ರ ಫೆಬ್ರವರಿಯ ತನಕ ಈ ಕಥೆಯನ್ನು ಬರೆದಾಗ ಆರ್ವೆಲ್ಲನ ಕಣ್ಣೆದುರಿಗೆ ಇದ್ದದ್ದು ರಷ್ಯದ ಕ್ರಾಂತಿಯೇ. ನೆಪೋಲಿಯನ್ ಎಂದರೆ ಸ್ಟಾಲಿನ್. 1929ರಲ್ಲಿ ದೇಶಭ್ರಷ್ಟನಾಗಿ 1940ರಲ್ಲಿ ಮೆಕ್ಸಿಕೋದಲ್ಲಿ ಕೊಲೆಯಾದ ಟ್ರಾಟ್‌ಸ್ಕಿಯೇ ಸ್ನೋಬಾಲ್. ನಾಯಿಗಳು ಗುಪ್ತ ಪೊಲೀಸರು. ಕೋಳಿಗಳು ಅಟ್ಟ ಹತ್ತಿ ತಮ್ಮ ಮೊಟ್ಟೆಗಳನ್ನು ತಾವೇ ಕೆಳಗೆ ಬೀಳಿಸಿ ಒಡೆದದ್ದು, ಸಾಮೂಹಿಕ ಬೇಸಾಯಕ್ಕೆ ಬಲವಂತ ಮಾಡಿದಾಗ ರೈತರು ತಮ್ಮ ದನಗಳನ್ನು ತಾವೇ ಕಡಿದುಹಾಕಿದ್ದರ ನೆರಳು. ಅಂಗಳದಲ್ಲಿ ಮಾಡದ ತಪ್ಪನ್ನು ಒಪ್ಪಿಕೊಂಡು ಸಾಯುವ ಪ್ರಾಣಿಗಳು 1936ರಿಂದ 1938ರ ತನಕ ನಡೆದ ಮಾಸ್ಕೋ ವಿಚಾರಣೆಗಳನ್ನು ನೆನಪಿಗೆ ತರುತ್ತವೆ. ನೆರೆಯ ಫ್ರೆಡರಿಕ್ ಮರದ ತೊಲೆಗಳನ್ನು ಕೊಂಡು ಖೋಟಾ ನೋಟು ಕೊಟ್ಟದ್ದು 1939ರ ಆಗಸ್ಟಿನ ಜರ್ಮನ್-ಸೋವಿಯತ್ ಒಪ್ಪಂದ. ಅವನು ಗಾಳಿಯಂತ್ರವನ್ನು ಸಿಡಿಸಿದ್ದು 1941ರ ಜೂನಿನ ದಾಳಿ. ಕೊನೆಯ ಇಸ್ಪೀಟಾಟದ ಹಿಂದೆ 1943ರ ಕೊನೆಯಲ್ಲಿ ಟೆಹರಾನಿನಲ್ಲಿ ನಡೆದ ಮಹಾನಾಯಕರ ಸಮ್ಮೇಳನವಿದೆ.

ಈ ಹೋಲಿಕೆಯಲ್ಲಿ ಆರ್ವೆಲ್ ಎಷ್ಟು ಎಚ್ಚರ ವಹಿಸಿದ್ದನೆಂಬುದಕ್ಕೆ ಒಂದು ನಿದರ್ಶನವಿದೆ. ಗಾಳಿಯಂತ್ರ ಸಿಡಿದಾಗ ನೆಪೋಲಿಯನ್ ಸೇರಿದಂತೆ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದವೆಂದು ಅವನು ಮೊದಲು ಬರೆದಿದ್ದ. ಪುಸ್ತಕ ಅಚ್ಚಿಗೆ ಹೋಗಿದ್ದಾಗ, 1945ರ ಮಾರ್ಚಿನಲ್ಲಿ, ನೆಪೋಲಿಯನ್ ಒಬ್ಬನನ್ನು ಬಿಟ್ಟು ಉಳಿದವು ಬಿದ್ದವೆಂದು ತಿದ್ದಲು ಪ್ರಕಾಶಕರಿಗೆ ಬರೆದ. ಜರ್ಮನ್ ಸೈನ್ಯ ಹತ್ತಿರ ಬಂದಾಗಲೂ ಸ್ಟಾಲಿನ್ ಮಾಸ್ಕೋ ಬಿಟ್ಟು ಓಡಲಿಲ್ಲ; ಆ ಸತ್ಯಕ್ಕೆ ಅನ್ಯಾಯವಾಗಬಾರದೆಂಬುದು ಅವನ ಉದ್ದೇಶ. ತಾನು ದ್ವೇಷಿಸಿದ ನಾಯಕನ ಪರವಾಗಿ ಒಂದು ಪದವನ್ನು ತಿದ್ದಿದ ಲೇಖಕ ಅವನು. ತಿದ್ದುಪಡಿಯಲ್ಲಿಯೂ ಪ್ರಾಮಾಣಿಕವಾದದ್ದು ಒಂದುಂಟು ಎಂಬುದಕ್ಕೆ ಇದನ್ನು ನೆನಪಿಡಬೇಕು.

ಆದರೆ ಪಟ್ಟಿ ಉತ್ತರಿಸಲಾರದ ಪ್ರಶ್ನೆಗಳೂ ಇವೆ. ಲೆನಿನ್ ಎಲ್ಲಿ? 1917ರ ಕ್ರಾಂತಿಯ ದೊಡ್ಡ ನಾಯಕನಿಗೆ ಈ ಕಥೆಯಲ್ಲಿ ಪ್ರತ್ಯೇಕವಾಗಿ ಒಂದು ಹಂದಿಯೂ ಇಲ್ಲ. ಮಾರ್ಕ್ಸ್ ಮತ್ತು ಲೆನಿನ್ ಇಬ್ಬರೂ ಓಲ್ಡ್ ಮೇಜರನಲ್ಲಿ ಬೆರೆತಿದ್ದಾರೆ ಎಂದು ಗೈಡುಗಳು ಹೇಗೋ ಹೊಂದಿಸುತ್ತವೆ. ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ನೆಪೋಲಿಯನ್ ಕೆಟ್ಟವನು, ಸ್ನೋಬಾಲ್ ಒಳ್ಳೆಯವನು, ಸ್ನೋಬಾಲ್ ಗೆದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತು ಎಂದು ಪಟ್ಟಿ ಓದಿದ ಮಗು ತಿಳಿಯುತ್ತದೆ. ಕಥೆ ಹಾಗೆ ಹೇಳುವುದಿಲ್ಲ. ದಂಗೆ ಗೆದ್ದ ಮೊದಲ ದಿನವೇ ಕರೆದಿಟ್ಟ ಹಾಲು ಕಾಣೆಯಾಗುತ್ತದೆ. ಮುಂದೆ ಸೇಬಿನ ಹಣ್ಣುಗಳೂ ಹಂದಿಗಳ ಪಾಲಾಗುತ್ತವೆ. ಈ ವಿಷಯದಲ್ಲಿ ಹಂದಿಗಳೆಲ್ಲ ಒಂದೇ ಮಾತು. ಸ್ನೋಬಾಲನದೂ ಅದೇ ಮಾತು.

ಇದೂ ಇತಿಹಾಸದಿಂದಲೇ ಬಂದದ್ದು. 1921ರ ಫೆಬ್ರವರಿಯ ಕೊನೆಯಲ್ಲಿ ಪೆಟ್ರೋಗ್ರಾಡಿನ ಬಳಿಯ ಕ್ರಾನ್‌ಸ್ಟಾಟ್ ನೌಕಾನೆಲೆಯ ನಾವಿಕರು ಕೆಲವು ಬೇಡಿಕೆಗಳನ್ನು ಮುಂದಿಟ್ಟರು. ಗುಪ್ತ ಮತದಾನದಿಂದ ಹೊಸ ಸೋವಿಯತ್‌ಗಳ ಚುನಾವಣೆ, ಕಾರ್ಮಿಕರಿಗೂ ರೈತರಿಗೂ ವಾಕ್‌ಸ್ವಾತಂತ್ರ್ಯ, ದುಡಿಯುವವರೆಲ್ಲರಿಗೂ ಸಮನಾದ ಪಡಿತರ ಇವು ಅವುಗಳಲ್ಲಿ ಮುಖ್ಯವಾದವು. ಸಮನಾದ ಪಡಿತರ ಎಂಬ ಮಾತನ್ನು ವಾಚಕರು ಗಮನಿಸಬೇಕು. ಹಾಲು ಮತ್ತು ಸೇಬಿನ ಪ್ರಶ್ನೆಯೇ ಅದು. ಈ ನಾವಿಕರು ಕ್ರಾಂತಿಯ ಶತ್ರುಗಳಲ್ಲ. 1917ರಲ್ಲಿ ಕ್ರಾಂತಿಯ ಹೆಮ್ಮೆ ಎಂದು ಅವರನ್ನು ಕೊಂಡಾಡಿದವನು ಟ್ರಾಟ್‌ಸ್ಕಿಯೇ. 1921ರ ಮಾರ್ಚಿನಲ್ಲಿ ಶರಣಾಗುವಂತೆ ಅವರಿಗೆ ಕಟ್ಟಾಜ್ಞೆ ಕಳುಹಿಸಿದ ಯುದ್ಧಮಂತ್ರಿಯೂ ಅವನೇ. ಆಗ ಲೆನಿನ್ ಬದುಕಿದ್ದ. ಸ್ಟಾಲಿನ್ ಇನ್ನೂ ಪಕ್ಷದ ಮಹಾಕಾರ್ಯದರ್ಶಿಯಾಗಿರಲಿಲ್ಲ. ತನ್ನ ಕಥೆಯ ತಿರುವು ಹಾಲು ಸೇಬುಗಳ ಪ್ರಸಂಗದಲ್ಲಿದೆ, ಅಂದು ಉಳಿದ ಪ್ರಾಣಿಗಳು ಗಟ್ಟಿಯಾಗಿ ನಿಂತಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು ಎಂಬ ಅರ್ಥದ ಮಾತನ್ನು ಆರ್ವೆಲ್ 1946ರ ಡಿಸೆಂಬರಿನಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡನಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಅಂದರೆ ಕೇಡು ಶುರುವಾದದ್ದು ಕೆಟ್ಟ ನಾಯಕ ಬಂದ ದಿನ ಅಲ್ಲ. ಒಳ್ಳೆಯ ನಾಯಕರೂ ಕೆಟ್ಟ ನಾಯಕರೂ ಒಂದೇ ಪಂಕ್ತಿಯಲ್ಲಿ ಕೂತು ಹಾಲು ಕುಡಿದ ದಿನ, ಮತ್ತು ಅದನ್ನು ಕಂಡವರು ಸುಮ್ಮನಿದ್ದ ದಿನ. ಪಟ್ಟಿಯಲ್ಲಿ ಈ ದಿನಕ್ಕೆ ಅಂಕಣವೇ ಇಲ್ಲ.

ಎರಡನೆಯ ಪಕ್ಷದವರಿಗೆ ಬರೋಣ. ಬಡಾವಣೆಯ ಪಾರ್ಕುಗಳಲ್ಲಿ, ಮದುವೆ ಮನೆಗಳಲ್ಲಿ ಈ ಪಕ್ಷವೇ ದೊಡ್ಡದು. ಬದಲಾವಣೆ ಎಂದರೆ ಹಳೆಯ ಒಡೆಯನ ಜಾಗದಲ್ಲಿ ಹೊಸ ಒಡೆಯ, ಆದ್ದರಿಂದ ಯಾರೂ ಏನೂ ಕೇಳಬಾರದು ಎಂಬುದು ಇವರ ಸಿದ್ಧಾಂತ, ಸಾಕ್ಷಿಗೆ ಆರ್ವೆಲ್. ಇವರು ಜೋನ್ಸನನ್ನು ಪೂರ್ತಿ ಮರೆತಿದ್ದಾರೆ. ಕಥೆ ಶುರುವಾಗುವುದೇ ಅವನ ಕ್ರೌರ್ಯದಿಂದ. ಅವನೇ ಮೇಲಾಗಿದ್ದ, ಅವನು ಹಿಂದಿರುಗಬೇಕು ಎಂದು ಆರ್ವೆಲ್ ಒಂದು ಕಡೆಯೂ ಹೇಳುವುದಿಲ್ಲ. ದಂಗೆಯ ನಂತರದ ಮೊದಲ ಕೊಯ್ಲಿನ ಸಂತೋಷವನ್ನು ಅವನು ಅಪಹಾಸ್ಯ ಮಾಡದೆ ಬರೆದಿದ್ದಾನೆ. ಹಾಗೆ ನೋಡಿದರೆ, ತುಟಿ ಬಿಚ್ಚಿದರೆ ಜೋನ್ಸ್ ಮರಳಿ ಬಂದಾನು ಎಂದು ಪ್ರಾಣಿಗಳನ್ನು ಹೆದರಿಸುವುದು ನೆಪೋಲಿಯನ್ನನ ವಕ್ತಾರನಾದ ಸ್ಕ್ವೀಲರ್ ಎಂಬ ಹಂದಿ. ಪ್ರಶ್ನೆ ಕೇಳಿದವರಿಗೆ ಹಳೆಯ ಕಷ್ಟವನ್ನು ತೋರಿಸಿ ಬಾಯಿ ಮುಚ್ಚಿಸುವ ಸಜ್ಜನರು ತಾವು ಸ್ಕ್ವೀಲರನ ಭಾಷಣವನ್ನೇ ಒಪ್ಪಿಸುತ್ತಿದ್ದೇವೆ ಎಂಬುದನ್ನು ತಿಳಿಯಬೇಕು.

ಆರ್ವೆಲ್ ದೂರದಲ್ಲಿ ಕೂತು ಕ್ರಾಂತಿಯನ್ನು ಹಳಿದವನೂ ಅಲ್ಲ. ಅವನು ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. 1922ರಿಂದ 1927ರ ತನಕ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಚಕ್ರಾಧಿಪತ್ಯದ ಆ ಕೆಲಸ ಹೇಸಿಗೆಯಾಗಿ ಬಿಟ್ಟ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಎಡಪಕ್ಷದವರ ಸೈನ್ಯದಲ್ಲಿದ್ದು ಕುತ್ತಿಗೆಗೆ ಗುಂಡು ತಿಂದ. ಕೊನೆಯ ತನಕ ತನ್ನನ್ನು ಸಮಾಜವಾದಿಯೆಂದೇ ಕರೆದುಕೊಂಡ. ವಿಜ್ಞಾನದ ತರಗತಿಗಳಲ್ಲಿ ನಾವು ಕಲಿತ ಒಂದು ಪಾಠವಿದೆ: ಪ್ರಯೋಗ ಕೆಟ್ಟಿತೆಂದು ಪ್ರಯೋಗಶಾಲೆಗೆ ಬೀಗ ಹಾಕುವುದಲ್ಲ, ಯಾವ ಹಂತದಲ್ಲಿ ಕೆಟ್ಟಿತೆಂದು ದಾಖಲೆ ಪುಸ್ತಕವನ್ನು ನೋಡಬೇಕು. ಆರ್ವೆಲ್ ಮಾಡಿದ್ದು ಅದನ್ನೇ.

ಮೂರನೆಯ ಪಕ್ಷದವರು ಹೇಳುವುದರಲ್ಲಿ ಒಂದು ಸತ್ಯಾಂಶವಿದೆ. ಆರ್ವೆಲ್ 1950ರ ಜನವರಿಯಲ್ಲಿ ತೀರಿಕೊಂಡ. ಆ ಬಳಿಕ ಈ ಕಥೆಯನ್ನು ಚಿತ್ರಗಳಿಂದ ಚಲನಚಿತ್ರ ಮಾಡಲು ಅಮೆರಿಕದ ಗುಪ್ತಚರ ಸಂಸ್ಥೆ ಹಿಂದಿನಿಂದ ಹಣ ಒದಗಿಸಿತು. 1954ರಲ್ಲಿ ಚಿತ್ರ ಹೊರಬಂತು. ಆದರೆ ಭಕ್ತರು ಹೇಳದೆ ಬಿಡುವ ಮುಂದಿನ ಸಂಗತಿ ಹೆಚ್ಚು ಸ್ವಾರಸ್ಯವಾಗಿದೆ. ಚಿತ್ರ ಮಾಡಿದವರು ಕಥೆಯ ಕೊನೆಯನ್ನು ಬದಲಿಸಿದರು. ಹಂದಿಗಳೂ ಮನುಷ್ಯರೂ ಒಂದೇ ಮುಖದವರಾಗಿ ಇಸ್ಪೀಟಾಡುವ ದೃಶ್ಯ ಅಲ್ಲಿಲ್ಲ. ಬದಲಿಗೆ ಪ್ರಾಣಿಗಳು ಹಂದಿಗಳ ಮೇಲೆ ಮತ್ತೆ ದಂಗೆಯೇಳುತ್ತವೆ. ಯಾಕೆ? ಪುಸ್ತಕದ ಕೊನೆಯ ಆರೋಪ ಹಂದಿಗಳ ಮೇಲೆ ಎಷ್ಟಿದೆಯೋ ಅವರ ಎದುರು ಕೂತ ಒಡೆಯರ ಮೇಲೂ ಅಷ್ಟೇ ಇದೆ. ಆ ಅರ್ಧ ಅವರಿಗೆ ಬೇಡವಾಯಿತು. ಪುಸ್ತಕ ಅವರ ಅಸ್ತ್ರವೇ ಆಗಿದ್ದರೆ ಅದನ್ನು ತಿದ್ದಬೇಕಾದ ಅಗತ್ಯ ಏನಿತ್ತು? ಗೋಡೆಯ ಬರಹವನ್ನು ತಿದ್ದುವ ಹಂದಿಗಳ ಕಥೆಯನ್ನೇ ತಿದ್ದಿದ ಈ ಪ್ರಸಂಗಕ್ಕಿಂತ ದೊಡ್ಡ ವ್ಯಂಗ್ಯವನ್ನು ಆರ್ವೆಲ್ ಬದುಕಿದ್ದರೂ ಬರೆಯಲಾರನಾಗಿದ್ದ.

ಮೂರು ಪಕ್ಷಗಳನ್ನೂ ಬದಿಗಿರಿಸಿದ ಮೇಲೆ, ಈ ಕಥೆಯ ಕಟಕಟೆಯಲ್ಲಿ ನಿಜವಾಗಿ ನಿಂತಿರುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನೆಪೋಲಿಯನ್ ಅಪರಾಧಿ ಎಂಬುದರಲ್ಲಿ ವಾದವೇ ಇಲ್ಲ. ಅವನನ್ನು ತೋರಿಸಲು ಒಂದು ಪುಸ್ತಕ ಬೇಕಾಗಿರಲಿಲ್ಲ. ನಮ್ಮ ಕಣ್ಣು ಹೋಗಬೇಕಾದದ್ದು ಬೆಂಜಮಿನ್ ಎಂಬ ಕತ್ತೆಯ ಕಡೆಗೆ. ಗೈಡುಗಳ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸಾಲು, ಎರಡೇ ಪದ. ಆದರೆ ಕಥೆಯಲ್ಲಿ ಅದರ ಸ್ಥಿತಿ ವಿಶೇಷವಾದದ್ದು. ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ ಪ್ರಾಣಿ ಅದು. ಓದುವುದಿಲ್ಲ. ಓದತಕ್ಕದ್ದು ಏನೂ ಇಲ್ಲವೆಂದು ಅದರ ಅಭಿಪ್ರಾಯ. ಕ್ರಾಂತಿಯನ್ನು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಜೋನ್ಸನ ಕಾಲದಲ್ಲಿ ಎಷ್ಟು ಕೆಲಸ ಮಾಡಿತ್ತೋ ಅಷ್ಟೇ ಕೆಲಸ ಈಗಲೂ, ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಥವರನ್ನು ನಮ್ಮ ಕಚೇರಿಗಳಲ್ಲಿ ಬುದ್ಧಿವಂತರೆಂದು ಕರೆಯುವುದು ವಾಡಿಕೆ.

ಒಂದು ರಾತ್ರಿ ಕಣಜದ ಬಳಿ ಏನೋ ಬಿದ್ದ ಸದ್ದಾಗಿ ಪ್ರಾಣಿಗಳೆಲ್ಲ ಓಡಿಬರುತ್ತವೆ. ಗೋಡೆಯ ಕೆಳಗೆ ಏಣಿ ಎರಡು ತುಂಡಾಗಿ ಬಿದ್ದಿದೆ. ಪಕ್ಕದಲ್ಲಿ ಸ್ಕ್ವೀಲರ್, ಕಂದೀಲು, ಕುಂಚ, ಚೆಲ್ಲಿದ ಬಿಳಿ ಬಣ್ಣದ ಡಬ್ಬಿ. ಉಳಿದ ಪ್ರಾಣಿಗಳಿಗೆ ಇದರ ಅರ್ಥವಾಗಲಿಲ್ಲ. ಬೆಂಜಮಿನ್ನನಿಗೆ ಆಯಿತು. ತಿಳಿದವನಂತೆ ತಲೆಯಾಡಿಸಿತು, ಬಾಯಿ ಬಿಡಲಿಲ್ಲ. ಮುಂದೊಂದು ದಿನ, ಮೈಮುರಿದು ದುಡಿದು ಕುಸಿದ ಬಾಕ್ಸರ್ ಎಂಬ ಕುದುರೆಯನ್ನು ಆಸ್ಪತ್ರೆಗೆಂದು ಹೇಳಿ ಗಾಡಿಯಲ್ಲಿ ಒಯ್ಯುತ್ತಾರೆ. ಪ್ರಾಣಿಗಳು ಕೈಬೀಸಿ ಕಳುಹಿಸುವಂತೆ ಗಾಡಿಯ ಸುತ್ತ ಸೇರಿವೆ. ಆಗ ಬೆಂಜಮಿನ್ ಜೀವಮಾನದಲ್ಲಿ ಮೊದಲ ಸಲ ಕಿರುಚುತ್ತದೆ. ಗಾಡಿಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದು ಮುದಿ ಕುದುರೆಗಳನ್ನು ಕೊಂಡು ಕಡಿಯುವ ಕಸಾಯಿಯ ಗಾಡಿ. ಅಷ್ಟು ಹೊತ್ತಿಗೆ ಗಾಡಿಯ ಬಾಗಿಲು ಹಾಕಿಯಾಗಿತ್ತು. ಸತ್ತವನು ಅದರ ಏಕೈಕ ಗೆಳೆಯ.

ನಮ್ಮ ಮಟ್ಟಿಗೆ ಇಡೀ ಪುಸ್ತಕ ನಿಂತಿರುವುದು ಈ ಎರಡು ದೃಶ್ಯಗಳ ನಡುವೆ. ಓದಲು ಬಾರದವರನ್ನು ಆರ್ವೆಲ್ ದೂಷಿಸುವುದಿಲ್ಲ. ಓದು ಬಂದೂ ಸುಮ್ಮನಿದ್ದವರಿಗೆ ಅವನು ಕ್ಷಮೆ ಕೊಡುವುದೂ ಇಲ್ಲ. ಬಣ್ಣದ ಡಬ್ಬಿ ಚೆಲ್ಲಿದ ರಾತ್ರಿ ಓದಿ ಹೇಳಿದ್ದರೆ ಗಾಡಿ ಬಂದ ದಿನ ಕಿರುಚಬೇಕಾಗುತ್ತಿರಲಿಲ್ಲ.

ಗೋಡೆಯ ತಿದ್ದುಪಡಿಗಳ ರೀತಿಯನ್ನು ಗಮನಿಸಬೇಕು. ಹಂದಿಗಳು ಹಳೆಯ ನಿಯಮಗಳನ್ನು ಮೊದಲಿಗೇ ಅಳಿಸುವುದಿಲ್ಲ. ಹಾಗೆ ಮಾಡಿದ್ದರೆ ಕುರಿಗಳಿಗೂ ತಿಳಿಯುತ್ತಿತ್ತು. ಮಂಚದ ಮೇಲೆ ಮಲಗಬಾರದೆಂಬ ನಿಯಮಕ್ಕೆ ಹಾಸುಬಟ್ಟೆಯ ಮಾತೊಂದು ಸೇರುತ್ತದೆ. ಕುಡಿಯಬಾರದೆಂಬುದಕ್ಕೆ ಅತಿಯಾಗಿ ಎಂಬುದು ಸೇರುತ್ತದೆ. ಒಬ್ಬರನ್ನೊಬ್ಬರು ಕೊಲ್ಲಬಾರದೆಂಬುದಕ್ಕೆ ಕಾರಣದ ಮಾತು ಸೇರುತ್ತದೆ. ನಿಯಮ ಇದ್ದಲ್ಲೇ ಇದೆ, ಬಾಲ ಮಾತ್ರ ಬೆಳೆದಿದೆ. ಮೂಲ ನಿಯಮಕ್ಕೆ ಕೈ ಹಚ್ಚದೆ ಒಂದು ಪರಂತುಕವನ್ನು ಸೇರಿಸಿ ಅದರ ಜೀವ ತೆಗೆಯುವ ವಿದ್ಯೆ ಎಂಥದೆಂದು ಸುತ್ತೋಲೆಗಳ ನಡುವೆ ದಿನ ಕಳೆಯುವವರಿಗೆ ವಿವರಿಸಬೇಕಾಗಿಲ್ಲ.

ಇದು ಕವಿಕಲ್ಪನೆಯಲ್ಲ. 1936ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಸೋವಿಯತ್ ಸಂವಿಧಾನ ವಾಕ್‌ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಮೆರವಣಿಗೆಗಳ ಸ್ವಾತಂತ್ರ್ಯ ಎಲ್ಲವನ್ನೂ 125ನೆಯ ವಿಧಿಯಲ್ಲಿ ಖಾತರಿ ಮಾಡಿತ್ತು. ಆದರೆ ಆ ವಿಧಿಯ ಮೊದಲಲ್ಲೇ, ಇವೆಲ್ಲ ದುಡಿಯುವವರ ಹಿತಕ್ಕೆ ಅನುಗುಣವಾಗಿ, ಸಮಾಜವಾದಿ ವ್ಯವಸ್ಥೆಯನ್ನು ಬಲಪಡಿಸುವುದಕ್ಕಾಗಿ ಎಂಬ ಷರತ್ತು ಇತ್ತು. ಯಾವುದು ಅನುಗುಣ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು ಎಂಬುದನ್ನು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಸಂವಿಧಾನದ ಕರಡು ತಯಾರಿಸಿದ ಆಯೋಗದಲ್ಲಿದ್ದ ಬುಖಾರಿನ್‌ನನ್ನು 1938ರ ಮಾರ್ಚಿನಲ್ಲಿ ದೇಶದ್ರೋಹಿಯೆಂದು ಗುಂಡಿಕ್ಕಿ ಕೊಂದರು. ಸಮಾನತೆಯ ಗತಿಯೂ ಅದೇ ಆಯಿತು. ಎಲ್ಲರಿಗೂ ಸರಿಸುಮಾರು ಒಂದೇ ಕೂಲಿ ಎಂಬ ಆದರ್ಶವನ್ನು ಕೇಡಿನ ಚಟವೆಂಬಂತೆ ಸ್ಟಾಲಿನ್ 1931ರ ಜೂನಿನ ಭಾಷಣದಲ್ಲಿಯೇ ಖಂಡಿಸಿದ್ದ. ಗೋಡೆಯ ಕೊನೆಯ ನಿಯಮದಲ್ಲಿ ಸಮಾನತೆಗೆ ತಗಲಿದ ಬಾಲದ ಹಿಂದೆ ಇಂಥ ಸಂಗತಿಗಳಿವೆ.

ಅಂಕಿಅಂಶಗಳ ವಿಷಯವೂ ಹೀಗೆಯೇ. ಹೊಟ್ಟೆ ಹಸಿದಾಗಲೆಲ್ಲ ಸ್ಕ್ವೀಲರ್ ಉದ್ದನೆಯ ಕಾಗದ ಹಿಡಿದು ಉತ್ಪಾದನೆ ಎಷ್ಟು ಪಟ್ಟು ಏರಿದೆಯೆಂದು ಓದುತ್ತಾನೆ. 1934ರ ಪಕ್ಷದ ಅಧಿವೇಶನದಲ್ಲಿ ದೇಶದ ಜನಸಂಖ್ಯೆ 16 ಕೋಟಿ 80 ಲಕ್ಷವೆಂದು ಸ್ಟಾಲಿನ್ ಸಾರಿದ್ದ. 1937ರ ಜನವರಿಯಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 16 ಕೋಟಿ 20 ಲಕ್ಷ. 1932-33ರ ಭೀಕರ ಕ್ಷಾಮದಲ್ಲಿ ಸತ್ತವರು ಎಣಿಕೆಗೆ ಸಿಕ್ಕುವುದು ಹೇಗೆ? ಸರ್ಕಾರ ಗಣತಿಯನ್ನು ರದ್ದು ಮಾಡಿ, ಅದನ್ನು ನಡೆಸಿದ ಹಿರಿಯ ಅಧಿಕಾರಿಗಳನ್ನು ಬಂಧಿಸಿತು, ಕೆಲವರನ್ನು ಕೊಂದಿತು. 1939ರಲ್ಲಿ ಹೊಸದಾಗಿ ಎಣಿಸಿದರು. ಸರಿಯಾಗಿ ಲೆಕ್ಕ ಬರೆದದ್ದಕ್ಕೆ ಪ್ರಾಣ ತೆತ್ತ ಆ ನೌಕರರು ನಮ್ಮ ಕಸುಬಿನವರೆಂದು ನೆನೆದುಕೊಳ್ಳುವುದು ನಮ್ಮ ಕರ್ತವ್ಯ.

ಇನ್ನೊಂದು ಸಂಗತಿ. ನಮ್ಮ ಕಚೇರಿಗಳಲ್ಲಿ ನಿಯಮಾವಳಿಯ ಪುಸ್ತಕಕ್ಕೆ ಕರೆಕ್ಷನ್ ಸ್ಲಿಪ್ ಅಂಟಿಸುವುದನ್ನು ಅನೇಕ ವಾಚಕರು ಕಂಡಿರಬಹುದು, ಸ್ವತಃ ಅಂಟಿಸಿಯೂ ಇರಬಹುದು. ಬೃಹತ್ ಸೋವಿಯತ್ ವಿಶ್ವಕೋಶದ ಚಂದಾದಾರರಿಗೂ 1954ರಲ್ಲಿ ಅಂಥದೊಂದು ಲಕೋಟೆ ಬಂತು. ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದ ಬೇರಿಯಾನನ್ನು 1953ರ ಡಿಸೆಂಬರಿನಲ್ಲಿ ಕೊಂದಿದ್ದರು. ಅವನನ್ನು ಹೊಗಳಿದ ಲೇಖನವಿದ್ದ ಹಾಳೆಗಳನ್ನು ಕತ್ತರಿಸಿ ತೆಗೆದು, ಕಳುಹಿಸಿರುವ ಹೊಸ ಹಾಳೆಗಳನ್ನು ಆ ಜಾಗದಲ್ಲಿ ಅಂಟಿಸಿಕೊಳ್ಳಬೇಕೆಂದು ಸೂಚನೆ. ಹೊಸ ಹಾಳೆಗಳಲ್ಲಿ ಬೇರಿಂಗ್ ಸಮುದ್ರದ ವರ್ಣನೆ ವಿಸ್ತಾರವಾಗಿತ್ತು. ನಮ್ಮ ಸ್ಲಿಪ್ಪಿಗೂ ಅವರ ಹಾಳೆಗೂ ಒಂದು ಭೇದವಿದೆ. ಆ ಭೇದವೇ ಇಡೀ ವಿಷಯದ ತಿರುಳು. ನಮ್ಮ ಸ್ಲಿಪ್ಪಿಗೆ ಕ್ರಮಸಂಖ್ಯೆ, ತಾರೀಖು ಇರುತ್ತದೆ. ಕೆಳಗೆ ಹಳೆಯ ನಿಯಮ ಏನಿತ್ತೆಂದು ಎತ್ತಿ ನೋಡಬಹುದು. ಅಲ್ಲಿ ಹಳೆಯದು ಇದ್ದೇ ಇರಲಿಲ್ಲ ಎಂಬಂತೆ ಮಾಡುವುದು ಉದ್ದೇಶ. ತಿದ್ದುವುದು ತಪ್ಪಲ್ಲ. ತಿದ್ದಿದ್ದನ್ನು ಮುಚ್ಚುವುದು ತಪ್ಪು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಹಂದಿ ಹುಟ್ಟಿನಿಂದಲೇ ಜಾಣ, ಕುದುರೆ ಹುಟ್ಟಿನಿಂದಲೇ ದಡ್ಡ ಎಂದು ಕಥೆ ಕಟ್ಟಿದರೆ ಅಸಮಾನತೆಯೇ ಸಹಜವೆಂದು ಹೇಳಿದಂತಾಗುತ್ತದೆ ಎಂಬ ಆತಂಕ ಆರ್ವೆಲ್ಲನ ಗೆಳೆಯರಲ್ಲಿಯೇ ಕೆಲವರಿಗೆ ಇತ್ತು. ಆಕ್ಷೇಪಣೆ ನ್ಯಾಯವಾದದ್ದು. ಮನುಷ್ಯರು ಹುಟ್ಟಿನಿಂದ ಹಂದಿ ಕುದುರೆಗಳಲ್ಲ; ಕಲಿಸಿದರೆ ಎಲ್ಲರೂ ಕಲಿಯುತ್ತಾರೆ. ರಷ್ಯದಲ್ಲಿಯೂ ಕಲಿತರು. 1897ರ ಗಣತಿಯಲ್ಲಿ ಓದು ಬಲ್ಲವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. 1939ರ ಹೊತ್ತಿಗೆ ಸುಮಾರು ಐದರಲ್ಲಿ ನಾಲ್ಕು ಪಾಲು ಜನ ಓದಬಲ್ಲವರಾಗಿದ್ದರು. ಇದು ಆ ಕ್ರಾಂತಿಯ ದೊಡ್ಡ ಸಾಧನೆ, ಒಪ್ಪಲೇಬೇಕು. ಆದರೂ ಗೋಡೆಯ ಬರಹ ಬದಲಾಯಿತು. ಅಕ್ಷರ ಕಲಿತ ಮಾತ್ರಕ್ಕೆ ಕೆಲಸವಾಗಲಿಲ್ಲ. ನಿನ್ನೆ ಓದಿದ್ದು ಏನೆಂದು ಇಂದು ಎದ್ದುನಿಂತು ಹೇಳುವವರು ಬೇಕಾಗಿತ್ತು. ಹಾಗಾಗಿ ಈ ಆಕ್ಷೇಪಣೆ ಕುದುರೆಗಳನ್ನು ಬಿಡುಗಡೆ ಮಾಡುತ್ತದೆ, ಕತ್ತೆಯನ್ನು ಬಿಡುಗಡೆ ಮಾಡುವುದಿಲ್ಲ.

ಸುಮ್ಮನಿರಲು ಸರ್ವಾಧಿಕಾರಿಯ ನಾಯಿಗಳೇ ಬೇಕೆಂದಿಲ್ಲ. 1944ರಲ್ಲಿ ಲಂಡನ್ನಿನಲ್ಲಿ ಈ ಪುಸ್ತಕವನ್ನು ಒಬ್ಬರಾದ ಮೇಲೆ ಒಬ್ಬರು ಪ್ರಕಾಶಕರು ನಿರಾಕರಿಸಿದರು. ಕಾನೂನಿನ ತಡೆ ಏನೂ ಇರಲಿಲ್ಲ. ರಷ್ಯ ಯುದ್ಧದಲ್ಲಿ ಮಿತ್ರರಾಷ್ಟ್ರ, ಈಗ ಬೇಡ ಎಂಬ ಸಭ್ಯರ ವಿವೇಚನೆ ಮಾತ್ರ. ಗೊಲಾಂಜ್ ಒಲ್ಲೆನೆಂದ. ಜೊನಾಥನ್ ಕೇಪ್ ಒಪ್ಪುವವನಿದ್ದು, ಮಾಹಿತಿ ಇಲಾಖೆಯ ಅಧಿಕಾರಿಯೊಬ್ಬನ ಸಲಹೆ ಕೇಳಿ ಹಿಂದೆಗೆದ. ಆ ಅಧಿಕಾರಿ ರಷ್ಯದ ಗೂಢಚಾರನಾಗಿದ್ದನೆಂದು ಆಮೇಲೆ ಬಯಲಾಯಿತು. ಫೇಬರ್ ಸಂಸ್ಥೆಯ ಪರವಾಗಿ ಮಹಾಕವಿ ಟಿ. ಎಸ್. ಎಲಿಯಟ್ಟನೇ ನಿರಾಕರಣೆಯ ಪತ್ರ ಬರೆದ. ಕೊನೆಗೆ ಸೆಕರ್ ಮತ್ತು ವಾರ್ಬರ್ಗ್ ಸಂಸ್ಥೆ 1945ರ ಆಗಸ್ಟಿನಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಪ್ರಕಟಿಸಿತು. ಈ ಸ್ವಯಂಪ್ರೇರಿತ ಮೌನದ ಮೇಲೆ ಆರ್ವೆಲ್ ಬರೆದಿದ್ದ ಮುನ್ನುಡಿ ಬೆಳಕು ಕಂಡದ್ದು 1972ರಲ್ಲಿ. ನಮ್ಮ ದೇಶದಲ್ಲಿಯೂ 1975ರ ಜೂನ್ 25ರಿಂದ 1977ರ ಮಾರ್ಚ್ 21ರ ತನಕ ತುರ್ತು ಪರಿಸ್ಥಿತಿ ಇದ್ದಾಗ, ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿವೆಯೆಂದು ಸಮಾಧಾನ ಮಾಡಿಕೊಂಡ ವಿದ್ಯಾವಂತರು ಎಷ್ಟು ಮಂದಿ ಎಂದು ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

ಪ್ರಾಣಿಗಳ ಬಾಯಲ್ಲಿ ರಾಜಕೀಯ ಹೇಳಿಸುವುದು ಕನ್ನಡಿಗರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ಪಂಚತಂತ್ರವನ್ನು ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅವನೂ ಸರ್ಕಾರಿ ಸೇವೆಯವನೇ. ಸಿಂಹಕ್ಕೂ ಎತ್ತಿಗೂ ನಡುವೆ ಸಂಶಯ ಬಿತ್ತಿ ಎತ್ತಿನ ಪ್ರಾಣ ತೆಗೆಸಿದ ದಮನಕ ಎಂಬ ನರಿಯ ಕಥೆಯನ್ನು ಕೇಳಿದ ನಮ್ಮ ಅಜ್ಜಿಯರು, ಆ ಸಿಂಹ ಯಾವ ದೇಶದ ಯಾವ ಅರಸನೆಂದು ವಿಚಾರಿಸಲಿಲ್ಲ. ನಮ್ಮ ಬೀದಿಯಲ್ಲಿ ದಮನಕ ಯಾರೆಂದು ಅವರಿಗೆ ಗೊತ್ತಾಗುತ್ತಿತ್ತು. ಅನ್ಯೋಕ್ತಿಯನ್ನು ಓದುವ ಸರಿಯಾದ ಕ್ರಮ ಅದು. ಒಂದು ಭೇದ ಮಾತ್ರ ಉಂಟು. ಪಂಚತಂತ್ರ ಹೇಳಿದ್ದು ಅರಸುಮಕ್ಕಳಿಗೆ, ಆಳುವುದು ಹೇಗೆಂದು ಕಲಿಸಲು. ಆರ್ವೆಲ್ ಹೇಳಿದ್ದು ಆಳಿಸಿಕೊಳ್ಳುವವರಿಗೆ.

ಈ ಎರಡು ವಿದ್ಯೆಗಳೂ ನಮ್ಮ ಮಕ್ಕಳಿಗೆ ಬೇಕು. ಹೊರನಾಡಿನಲ್ಲಿ ಬೆಳೆಯುತ್ತಿರುವ ಅವರಿಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆ, ಪಟ್ಟಿ ಬರೆದು ಅಂಕ ತರುತ್ತಾರೆ, ನಾಳೆ ಅವರೂ ಒಳ್ಳೆಯ ಕುರ್ಚಿಗಳಲ್ಲಿ ಕೂರುತ್ತಾರೆ. ಅಂದರೆ ಅವರು ಓದು ಬಲ್ಲ ಪ್ರಾಣಿಗಳ ವರ್ಗಕ್ಕೇ ಸೇರುವವರು. ಹಂದಿಯಾಗಬಾರದು ಎಂದು ಎಲ್ಲ ತಂದೆತಾಯಿಗಳೂ ಹೇಳಿಕೊಡುತ್ತಾರೆ. ಕತ್ತೆಯಾಗಬಾರದು ಎಂದು ಹೇಳಿಕೊಡುವವರು ಕಡಿಮೆ. ತಲೆ ತಗ್ಗಿಸಿ ನಿನ್ನ ಕೆಲಸ ನೋಡಿಕೋ ಎಂಬುದೇ ನಮ್ಮ ಮನೆಗಳ ಮಂತ್ರ. ಪರವೂರಿನಲ್ಲಿ ಸಂಸಾರ ನಡೆಸುವವರಿಗೆ ಆ ಮಂತ್ರ ಎಷ್ಟು ಅನುಕೂಲವೋ ನಮಗೆ ತಿಳಿಯದ್ದಲ್ಲ. ಅದಕ್ಕೇ ಅದರ ಮೇಲೆ ಕಣ್ಣಿಡಬೇಕೆಂದು ಹೇಳುತ್ತೇವೆ.

ಇದಕ್ಕೆ ದೊಡ್ಡ ವೀರತನವೇನೂ ಬೇಕಾಗಿಲ್ಲ. ಸಣ್ಣ ಅಭ್ಯಾಸಗಳು ಸಾಕು. ಹಳೆಯ ಪ್ರತಿಯನ್ನು ಎಸೆಯಬಾರದು. ನಿಯಮ ಬದಲಾದರೆ ಮೊದಲು ಏನಿತ್ತು, ಈಗ ಏನಾಯಿತು, ಯಾರು ಬದಲಿಸಿದರು ಎಂದು ಕೇಳಬೇಕು. ಕಚೇರಿಯ ಜವಾನನಿಗೆ, ಕಟ್ಟಡದ ಕಾವಲುಗಾರನಿಗೆ, ಹೋಟೆಲಿನಲ್ಲಿ ದುಡಿಯುವ ನಮ್ಮೂರ ಹುಡುಗನಿಗೆ ಬಂದ ಕಾಗದವನ್ನು ಪೂರ್ತಿ ಓದಿ ಹೇಳಬೇಕು, ಕೆಳಗಿನ ಸಣ್ಣ ಅಕ್ಷರಗಳನ್ನೂ ಬಿಡದೆ. ಸಂಘ ಸಂಸ್ಥೆಗಳ ವಾರ್ಷಿಕ ಸಭೆಯಲ್ಲಿ ಉಪನಿಯಮದ ತಿದ್ದುಪಡಿ ಬಂದಾಗ, ಉಪ್ಪಿಟ್ಟು ಕಾಫಿ ಆರುತ್ತದೆಂದು ಅವಸರಪಟ್ಟು ಕೈಯೆತ್ತದೆ, ಹಳೆಯ ಪಾಠವನ್ನೂ ಹೊಸ ಪಾಠವನ್ನೂ ಜೊತೆಯಾಗಿ ಓದಿಸಬೇಕು. ಹಾಲಿನ ಲೆಕ್ಕವನ್ನು ಮೊದಲ ದಿನವೇ ಕೇಳಬೇಕು. ಅಂದು ಕೇಳುವುದು ಸುಲಭ. ನಾಯಿಗಳು ಬೆಳೆದ ಮೇಲೆ ಕಷ್ಟ.

ಮುಂದಿನ ಪರೀಕ್ಷೆಗೆ ಮಕ್ಕಳು ಈ ಪುಸ್ತಕ ಓದುವಾಗ ನೆಪೋಲಿಯನ್ ಯಾರು, ಸ್ನೋಬಾಲ್ ಯಾರು ಎಂದು ಅವಶ್ಯವಾಗಿ ಕೇಳೋಣ, ಅಂಕಗಳೂ ಬೇಕು. ಅದಾದ ಮೇಲೆ ಇನ್ನೊಂದು ಪ್ರಶ್ನೆಯನ್ನು ನಾವೇ ಸೇರಿಸೋಣ: ಬಣ್ಣದ ಡಬ್ಬಿ ಚೆಲ್ಲಿದ ರಾತ್ರಿ ಬೆಂಜಮಿನ್ ಏನು ಹೇಳಬೇಕಾಗಿತ್ತು? ಉತ್ತರವನ್ನು ಮಗುವೇ ತನ್ನ ಮಾತಿನಲ್ಲಿ, ಸಾಧ್ಯವಾದರೆ ಕನ್ನಡದಲ್ಲಿ, ಗಟ್ಟಿಯಾಗಿ ಹೇಳಲಿ.